ಹವ್ಯಾಸಿ ಯಂತ್ರಗಳ ನಿಯಂತ್ರಣ ತಂತ್ರಾಂಶ: ಯಾವುದು ಬೇಕು, ಯಾವುದು ಬೇಡ

ಮಳವಳ್ಳಿ ತಾಲ್ಲೂಕಿನ ಬ್ಲಫ್‌ನಲ್ಲಿರುವ ಶಿವನಸಮುದ್ರ ವಿದ್ಯುದಾಗಾರವು 1902ರ ಜೂನ್ 30ರಂದು, ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ಒದಗಿಸತೊಡಗಿತು. ಇಂತಹ ಜಲವಿದ್ಯುತ್ ಕೇಂದ್ರಗಳಲ್ಲಿ ಗವರ್ನರ್ ಎಂಬ ವೇಗನಿಯಂತ್ರಕದ ಕೆಲಸ ಒಂದೇ. ಹೊರೆ ಏರಿಳಿದಾಗ ನೀರಿನ ಹರಿವನ್ನು ತಕ್ಷಣವೇ ಹೆಚ್ಚುಕಡಮೆ ಮಾಡಿ ಜಲಚಕ್ರದ ವೇಗವನ್ನು ಕಾಯುವುದು. ಹೊರೆ ಏಕೆ ಬದಲಾಯಿತೆಂದು ಅದು ವಿಚಾರಿಸುವುದಿಲ್ಲ. ಪೂರೈಕೆಯ ಲೆಕ್ಕವನ್ನೂ ಇಡುವುದಿಲ್ಲ. ಈ ಕಾರ್ಯವಿಭಾಗವೇ ಹೆಚ್ಚು ಚಿಕ್ಕದಾದ ಮತ್ತೊಂದು ಪ್ರಶ್ನೆಗೂ ದಾರಿ ತೋರುವುದೆಂದು ನಾವು ಭಾವಿಸುತ್ತೇವೆ.

ಗಣಕದ ಆದೇಶದಂತೆ ಮರವನ್ನೋ ಲೋಹವನ್ನೋ ಕೊರೆಯುವ ಸಿ.ಎನ್.ಸಿ. ಯಂತ್ರಗಳನ್ನು ಹವ್ಯಾಸಿಗಳೂ ವಿದ್ಯಾರ್ಥಿಗಳೂ ಈಗ ತಾವೇ ಕಟ್ಟಿಕೊಳ್ಳುತ್ತಿದ್ದಾರೆ. ಇವುಗಳ ನಿಯಂತ್ರಣ ತಂತ್ರಾಂಶಗಳಲ್ಲಿ 2009ರಲ್ಲಿ ಆರಂಭವಾದ 'ಗರ್ಬಲ್' ಪ್ರಸಿದ್ಧವಾದುದು. ಅದು ನಡೆಯುವ ಆರ್ಡುಯಿನೊ ಉನೊ ಫಲಕದಲ್ಲಿ ತಂತ್ರಾಂಶಕ್ಕೆ ದೊರೆಯುವ ಸ್ಥಳ 32 ಕಿಲೊಬೈಟ್ ಮಾತ್ರ. ಬಳಸುವವರ ಬೇಡಿಕೆಗಳಾದರೋ ಅನೇಕ. ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು?

ಮೊದಲು ಅಪಾಯವೆಲ್ಲಿದೆಯೆಂಬುದನ್ನು ತಿಳಿಯೋಣ. ಇಂತಹ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಹೆಜ್ಜೆಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರುಗಳು. ಉಳಿಯು ಎಲ್ಲಿದೆಯೆಂಬುದನ್ನು ನಿಯಂತ್ರಕವು ತಾನು ಕಳುಹಿಸಿದ ಹೆಜ್ಜೆಗಳ ಎಣಿಕೆಯಿಂದಲೇ ತಿಳಿಯಬೇಕು. ಮೋಟಾರು ಒಮ್ಮೆ ಹೆಜ್ಜೆ ತಪ್ಪಿದರೆ ಆ ತಪ್ಪು ಅದಕ್ಕೆ ಗೋಚರವಾಗದು. ಮುಂದಿನ ಕೆಲಸವೆಲ್ಲ ಕೆಡುವುದು. ಗರ್ಬಲ್ ಸೆಕೆಂಡಿಗೆ 30,000ದವರೆಗೆ ಸ್ಪಂದಗಳನ್ನು ಕಳುಹಿಸಬಲ್ಲದು. ಈ ಸ್ಪಂದಗಳ ಲಯಕ್ಕೆ ಅಡ್ಡಿಯಾಗುವ ಯಾವ ಸೌಲಭ್ಯವೂ, ಅದೆಷ್ಟೇ ಆಕರ್ಷಕವಾಗಿರಲಿ, ಉಪಕಾರಿಯಲ್ಲ.

ಆದ್ದರಿಂದ ಪ್ರತಿ ಬೇಡಿಕೆಗೂ ನಾವು ಕೇಳಬೇಕಾದ ಪ್ರಶ್ನೆ ಇದು: ಈ ಕೆಲಸವನ್ನು ಕೊರೆಯುವ ಕ್ಷಣದಲ್ಲಿಯೇ ಮಾಡಬೇಕೋ, ಮುಂಚಿತವಾಗಿ ಮಾಡಬಹುದೋ? ಮುಂದಿನ ತಿರುವನ್ನರಿತು ವೇಗವನ್ನು ತಗ್ಗಿಸುವುದು ಆ ಕ್ಷಣದ ಕೆಲಸ. ಉಳಿಯ ಕರ್ಕಶ ಧ್ವನಿಯನ್ನು ಕೇಳಿದೊಡನೆ ಕೆಲಸಗಾರನು ವೇಗವನ್ನು ಬದಲಿಸುವುದೂ ಅಂತಹದೇ. ಇವೆರಡೂ ಗರ್ಬಲ್‌ನಲ್ಲಿವೆ. ಸಾಲಾಗಿ ರಂಧ್ರಗಳನ್ನು ಕೊರೆಯುವ ಸಿದ್ಧ ಆದೇಶಗಳಾಗಲಿ, ಉಳಿಯ ದಪ್ಪಕ್ಕನುಗುಣವಾಗಿ ಮಾರ್ಗವನ್ನು ಸರಿಸುವ ಲೆಕ್ಕವಾಗಲಿ ಅದರಲ್ಲಿಲ್ಲ. ಮೇಜಿನ ಮೇಲಿನ ಗಣಕವು ಅವನ್ನು ಮೊದಲೇ ಸರಳ ಚಲನೆಗಳಾಗಿ ಬಿಡಿಸಿಕೊಡಬಲ್ಲದು.

ವಿದ್ಯುತ್ತು ಹೋಗಿ ಬಂದ ಮೇಲೆ ಯಂತ್ರವು ನಿಂತಲ್ಲಿಂದಲೇ ಮುಂದುವರಿಯಬೇಕೆಂಬುದು ನಮ್ಮ ಕಡೆ ಸಹಜವಾದ ಬೇಡಿಕೆ. ಇದು ಎರಡು ಭಾಗಗಳಾಗಿ ಒಡೆಯುತ್ತದೆ. ವಿದ್ಯುತ್ತು ಕಡಿದಾಗ ಯಂತ್ರದ ಸ್ಥಾನ ಅನಿಶ್ಚಿತವಾಗುವುದರಿಂದ, ಮಿತಿಸ್ವಿಚ್ಚುಗಳನ್ನು ಮುಟ್ಟಿ ಮೂಲಸ್ಥಾನವನ್ನು ಮತ್ತೆ ಹುಡುಕುವ ಕ್ರಮ ನಿಯಂತ್ರಕದಲ್ಲಿರಬೇಕು. ಎಷ್ಟನೆಯ ಸಾಲಿನವರೆಗೆ ಕೆಲಸ ನಡೆಯಿತೆಂಬ ದಾಖಲೆ ಗಣಕದಲ್ಲಿರಲಿ. ಆ ಫಲಕದ ಶಾಶ್ವತ ಸ್ಮೃತಿಯ ಪ್ರತಿಯೊಂದು ಕೋಶಕ್ಕೂ ಖಾತರಿಯಿರುವುದು ಸುಮಾರು 1,00,000 ಬರಹಗಳಿಗೆ ಮಾತ್ರ. ಸಾಲುಸಾಲಿಗೂ ಅಲ್ಲಿಯೇ ಬರೆದರೆ ಅದು ಬೇಗ ಸವೆಯುವುದು.

ಇನ್ನೊಂದು ಮಾತನ್ನು ಸ್ಪಷ್ಟಪಡಿಸುವುದು ಅವಶ್ಯಕ. ಕೈಕಾಲುಗಳನ್ನು ಕಾಪಾಡುವ ತುರ್ತುಸ್ವಿಚ್ಚು ತಂತ್ರಾಂಶವನ್ನು ನಂಬಿರಬಾರದು. ತಂತ್ರಾಂಶವೇ ಸ್ತಬ್ಧವಾದಾಗಲೂ ಅದು ಮೋಟಾರಿನ ವಿದ್ಯುತ್ತನ್ನು ನೇರವಾಗಿ ಕಡಿಯಬೇಕು.

ಇಂದು ಹೆಚ್ಚು ಸ್ಮೃತಿಯುಳ್ಳ ಫಲಕಗಳು ದೊರೆಯುವಾಗ ಈ ಸಂಯಮವೇಕೆಂದು ಕೇಳಬಹುದು. ಪೂರ್ಣ ಗಣಕದ ಮೇಲೆ ನಡೆಯುವ 'ಲಿನಕ್ಸ್‌ ಸಿ.ಎನ್.ಸಿ.' ತಂತ್ರಾಂಶದಲ್ಲಿ ಸೌಲಭ್ಯಗಳು ಹೇರಳವಾಗಿವೆ. ಆದರೆ ಅಲ್ಲಿಯೂ ಕಾಲಬದ್ಧವಾದ ಭಾಗವನ್ನು ಉಳಿದುದರಿಂದ ಬೇರೆಯಾಗಿಯೇ ಇರಿಸಲಾಗಿದೆ. ಮೇಲಾಗಿ, ಒಮ್ಮೆ ಕೊಟ್ಟುದನ್ನು ಹಿಂದೆಗೆಯುವುದು ಕಷ್ಟ. ಶಿವನಸಮುದ್ರದಲ್ಲಿ ಮೊದಲು ಉತ್ಪಾದಿಸಿದುದು ಸೆಕೆಂಡಿಗೆ 25 ಆವರ್ತಗಳ ವಿದ್ಯುತ್ತು. ಇಂದು ದೇಶದ ಜಾಲದಲ್ಲಿರುವುದು 50. ಆರಂಭದ ಆಯ್ಕೆಯನ್ನು ನಂಬಿ ಯಂತ್ರಗಳು ಸ್ಥಾಪಿತವಾದ ಮೇಲೆ ಅದನ್ನು ಬದಲಿಸುವುದೆಂದರೆ ಅವೆಲ್ಲವನ್ನೂ ಬದಲಿಸಿದಂತೆ. ಆದುದರಿಂದ ಸೌಲಭ್ಯವನ್ನು ಸೇರಿಸುವ ಮುನ್ನವೇ ವಿವೇಚಿಸುವುದು ಲೇಸೆಂದು ನಮ್ಮ ಅಭಿಪ್ರಾಯ.