ಮನೆಗೂ ಅಂಗಡಿಗೂ ತಕ್ಕ ಗಣಕ ವ್ಯವಸ್ಥೆಯ ಆಯ್ಕೆ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಮನೆಯ ಮತ್ತು ಅಂಗಡಿಯ ಲೆಕ್ಕಗಳನ್ನು ಕಂಪ್ಯೂಟರಿನಲ್ಲಿಯೇ ಇಡುತ್ತಾರೆ. ಆ ಯಂತ್ರವನ್ನು ನಡೆಸುವ ಮೂಲ ವ್ಯವಸ್ಥೆಗೆ ಆಪರೇಟಿಂಗ್ ಸಿಸ್ಟಮ್ ಎನ್ನುವರು. ಅದರ ಯಾವ ಆವೃತ್ತಿಯು ನಂಬತಕ್ಕದ್ದೆಂಬುದನ್ನು ಹತ್ತಿಮತ್ತೂರಿನ ಪಾಲಕರಿಗೆ ಉಪಯೋಗವಾಗುವಂತೆ ಇಲ್ಲಿ ಅರಿಕೆಮಾಡುವೆವು.

ಹೊಸದೆಲ್ಲವೂ ಉತ್ತಮವೆಂದು ತಿಳಿಯಬಾರದು. ಹೊಸ ಬೀಜ ದೊರೆತರೆ ಜಾಣ ಒಕ್ಕಲಿಗನು ಅದನ್ನು ಹೊಲಕ್ಕೆಲ್ಲ ಬಿತ್ತದೆ, ಮೊದಲು ಒಂದು ಮಡಿಯಲ್ಲಿ ಬಿತ್ತಿ ನೋಡುವನು. ಪರೀಕ್ಷೆಗಾಗಿ ಹೊರಡಿಸಿದ ಆವೃತ್ತಿಗಳೂ ಹಾಗೆಯೇ. ಬದುಕಿನ ಲೆಕ್ಕವನ್ನು ಅವುಗಳಿಗೆ ಒಪ್ಪಿಸಲಾಗದು. ಆದರೆ ತೀರ ಹಳೆಯದೂ ಅಪಾಯವೇ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ನೆಯ ಅಕ್ಟೋಬರ 14ರಂದು ಮುಗಿಯಿತು. ಯಂತ್ರಗಳೇನೋ ಮರುದಿನ ನಿಲ್ಲಲಿಲ್ಲ. ಆದರೂ ಹೊಸದಾಗಿ ಕಂಡುಬರುವ ದೋಷಗಳಿಗೆ ದುರಸ್ತಿ ಬಾರದಿದ್ದರೆ, ಬಾಗಿಲ ಚಿಲಕ ಮುರಿದ ಮನೆಯಲ್ಲಿ ಮಲಗಿದಂತಾಗುವದು.

ಆದಕಾರಣ ಕೇಳತಕ್ಕ ಮೊದಲನೆಯ ಪ್ರಶ್ನೆ: ಈ ಆವೃತ್ತಿಗೆ ಎಷ್ಟು ಕಾಲ ದುರಸ್ತಿ ದೊರೆಯುವದು? ಉಬುಂಟುವಿನ ಎಲ್‌ಟಿಎಸ್ ಆವೃತ್ತಿಯು ಎರಡು ವರುಷಕ್ಕೊಮ್ಮೆ ಬರುವದು. ಅದಕ್ಕೆ 5 ವರುಷ ದುರಸ್ತಿಯುಂಟು. ನಡುನಡುವೆ ಬರುವ ಆವೃತ್ತಿಗಳಿಗೆ 9 ತಿಂಗಳು ಮಾತ್ರ. 2024ರ ಏಪ್ರಿಲಿನಲ್ಲಿ ಬಂದ 24.04ಕ್ಕೆ 2029ರ ವರೆಗೆ ಅಂಜಿಕೆಯಿಲ್ಲ. ಕೇರಳದ ಶಾಲೆಗಳಿಗಾಗಿ ಕೈಟ್ ಸಂಸ್ಥೆಯು ಸಿದ್ಧಪಡಿಸಿದ ವ್ಯವಸ್ಥೆಗೂ ಇಂಥ ಎಲ್‌ಟಿಎಸ್ ಆವೃತ್ತಿಯೇ ಆಧಾರ.

ಎರಡನೆಯದು: ನಮ್ಮ ಕೆಲಸವು ಅದರಲ್ಲಿ ಸಾಗುವದೋ? ಟ್ಯಾಲಿಯು ವಿಂಡೋಸಿಗಾಗಿ ಮಾಡಿದ್ದು. ಅದನ್ನೇ ನಂಬಿದ ಅಂಗಡಿಗೆ ವಿಂಡೋಸ್ 11 ಅನುಕೂಲ. ಆದರೆ ಅದಕ್ಕೆ 4 ಜಿಬಿ ಮೆಮರಿಯೂ ಟಿಪಿಎಂ 2.0 ಎಂಬ ರಕ್ಷಣಾ ಅಂಗವೂ ಬೇಕು. ಹಳೆಯ ಯಂತ್ರಗಳಲ್ಲಿ ಅನೇಕವು ಇದಕ್ಕೆ ಒದಗವು. ಬರೆಯುವದು, ಓದುವದು, ಅಂತರ್ಜಾಲ ನೋಡುವದು ಇಷ್ಟೇ ಇರುವ ಮನೆಯವರು ಅಂಥ ಯಂತ್ರವನ್ನು ಎಸೆಯದೆ ಉಬುಂಟು ಹಾಕಿಸಿಕೊಳ್ಳುವದು ಲೇಸು. ಅದು ಹಣವಿಲ್ಲದೆ ದೊರೆಯುವದು.

ಮೂರನೆಯದು ಕನ್ನಡ. ನುಡಿಯ ಹಳೆಯ ಫಾಂಟಿನಲ್ಲಿ ಬರೆದ ಪತ್ರಗಳು ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುವವು. ಅವುಗಳನ್ನು ಮುಂಚಿತವಾಗಿ ಯುನಿಕೋಡಿಗೆ ಪರಿವರ್ತಿಸಿಕೊಳ್ಳತಕ್ಕದ್ದು.

ಬದಲಿಸುವ ಮುನ್ನ ಎಲ್ಲ ಕಡತಗಳ ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿರಿ. ಉಬುಂಟುವನ್ನು ಪೆನ್ ಡ್ರೈವಿನಿಂದಲೇ ನಡೆಸಿ, ಒಂದು ಕನ್ನಡ ಪತ್ರ ಬರೆದು ಮುದ್ರಿಸಿ ನೋಡಿರಿ. ಎಲ್ಲವೂ ಸರಿಬಂದ ಮೇಲೆ ಯಂತ್ರದಲ್ಲಿ ನೆಲೆಗೊಳಿಸಿರಿ. ಯಂತ್ರ ಕೆಟ್ಟರೆ ಮತ್ತೊಂದನ್ನು ಕೊಳ್ಳಬಹುದು. ಹತ್ತು ವರುಷದ ಲೆಕ್ಕವೂ ಮಕ್ಕಳ ಚಿತ್ರಗಳೂ ಅಳಿದರೆ ಯಾವ ಪೇಟೆಯಲ್ಲಿಯೂ ದೊರೆಯವು.