ಬರ್ಕಾದ ಹೆದ್ದಾರಿಯೂ ಮಕ್ಕಳ ಆಟದ ನಗರವೂ

ಗುರುವಾರ ಸಂಜೆ ಮಸ್ಕತ್‌ನಿಂದ ಬರ್ಕಾಕ್ಕೆ ಬರುವವರಿಗೆ ವಾಹನಗಳ ಸಾಲು ಹೊಸದಲ್ಲ. ಅದೇ ಹೊತ್ತಿಗೆ ಮನೆಯಲ್ಲಿ ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತು, ತಾವು ಕಟ್ಟಿದ ನಗರದ ಹೆದ್ದಾರಿ ಜಾಮ್ ಆಗಿದೆ ಎಂದು ಗೊಣಗುತ್ತಿರುತ್ತಾರೆ. ಫಿನ್ಲೆಂಡಿನ ಕೊಲೊಸಲ್ ಆರ್ಡರ್ ತಯಾರಿಸಿ 2015ರಲ್ಲಿ ಹೊರಬಂದ ‘ಸಿಟೀಸ್: ಸ್ಕೈಲೈನ್ಸ್’ ಆಟ ಹಲವು ಮನೆಗಳಲ್ಲಿದೆ. ಅಪ್ಪನ ಸಮಸ್ಯೆ ಮತ್ತು ಮಗಳ ಸಮಸ್ಯೆ ಒಂದೇ. ಪರಿಹಾರದ ಲೆಕ್ಕವೂ ಬಹುಮಟ್ಟಿಗೆ ಒಂದೇ.

ಅಡ್ಡದಾರಿಯ ಲೆಕ್ಕ

ನಾಲ್ಕು ರಸ್ತೆಗಳು ಸೇರುವ ಜಾಗದಲ್ಲಿ ಪ್ರತಿ ದಿಕ್ಕಿನಿಂದ ಬಂದವರು ಎಡಕ್ಕೆ, ಬಲಕ್ಕೆ ಅಥವಾ ನೇರ ಹೋಗಬಹುದು. ಒಟ್ಟು 12 ಚಲನೆಗಳು. ಸಾಮಾನ್ಯ ವೃತ್ತದಲ್ಲಿ ಇವು ಒಂದನ್ನೊಂದು ಸಂಧಿಸುವ 32 ಬಿಂದುಗಳಿವೆ. ಏಕಪಥದ ರೌಂಡಬೌಟ್‌ನಲ್ಲಿ 8 ಮಾತ್ರ. ಆದರೆ ವಾಹನಗಳು ಹೆಚ್ಚಾದಾಗ ರೌಂಡಬೌಟ್ ಕೂಡ ಕಟ್ಟಿಕೊಳ್ಳುತ್ತದೆ. ಕರಾವಳಿಯುದ್ದಕ್ಕೆ ಸೊಹಾರ್‌ಗೆ ಹೋಗುವವರೂ ನಖಲ್, ರುಸ್ತಾಕ್ ಕಡೆಗೆ ತಿರುಗುವವರೂ ಒಟ್ಟಿಗೆ ಸುತ್ತಬೇಕಾಗಿದ್ದ ಹಳೆಯ ಬರ್ಕಾ ರೌಂಡಬೌಟ್ ಹಿರಿಯ ಸದಸ್ಯರಿಗೆ ನೆನಪಿದ್ದೀತು. ಈಗ ನೇರ ಹೋಗುವವರಿಗೆ ಮೇಲ್ಸೇತುವೆ ಇದೆ. 2018ರಲ್ಲಿ ಪೂರ್ತಿಯಾಗಿ ತೆರೆದ, ಸುಮಾರು 270 ಕಿ.ಮೀ. ಉದ್ದದ ಬಾತಿನಾ ಎಕ್ಸ್‌ಪ್ರೆಸ್‌ವೇ ಇನ್ನೂ ದೊಡ್ಡ ಪಾಠ ಹೇಳುತ್ತದೆ: ದೂರ ಹೋಗುವವರನ್ನು ಪೇಟೆಗೆ ಬರುವವರಿಂದ ಬೇರೆ ಮಾಡಿ. ಆಟದಲ್ಲೂ ಮೊದಲ ಸೂತ್ರ ಇದೇ.

ಕ್ಲೋವರ್‌ಲೀಫ್‌ನ ತೊಡಕು

ಮಕ್ಕಳು ಮೊದಲು ಆರಿಸುವುದು ನಾಲ್ಕೆಲೆಯ ಕ್ಲೋವರ್‌ಲೀಫ್. ನೋಡಲು ಚೆಂದ, ಒಂದೇ ಸೇತುವೆ ಸಾಕು. ಅಮೆರಿಕದಲ್ಲಿ ಇದಕ್ಕೆ 1916ರಲ್ಲೇ ಪೇಟೆಂಟ್ ಸಿಕ್ಕಿತ್ತು. ಒಮಾನ್‌ನಂತೆ ಬಲಬದಿಯ ಸಂಚಾರವಿದ್ದಲ್ಲಿ, ಎಡಕ್ಕೆ ಹೋಗಬೇಕಾದವರು ಸೇತುವೆ ದಾಟಿ, ಬಲಕ್ಕೆ ಸುತ್ತುವ ಲೂಪ್ ಹಿಡಿಯುತ್ತಾರೆ. ಒಂದು ಲೂಪ್‌ನಿಂದ ಹೆದ್ದಾರಿಗೆ ಬರುವವರೂ ಮುಂದಿನ ಲೂಪ್‌ಗೆ ಇಳಿಯುವವರೂ ಒಂದೇ ಚಿಕ್ಕ ತುಂಡಿನಲ್ಲಿ ಲೇನ್ ಅದಲುಬದಲು ಮಾಡಬೇಕು. ಜಡೆ ಹೆಣೆದಂತೆ ಸಾಗುವ ಈ ಜಾಗದಲ್ಲೇ ಬ್ರೇಕ್ ಬೀಳುತ್ತದೆ. ಇದಕ್ಕೆ ಸರಳ ಪರಿಹಾರ, ಆ ಹೆಣಿಗೆಯನ್ನು ಮುಖ್ಯ ರಸ್ತೆಯಿಂದ ತೆಗೆದು ಪಕ್ಕದ ಪ್ರತ್ಯೇಕ ಲೇನ್‌ಗೆ ಸರಿಸುವುದು.

ಲೇನ್ ಎಣಿಸಿ

ಎರಡನೆಯ ಸೂತ್ರ ಲೇನ್‌ಗಳದ್ದು. ಮೂರು ಲೇನ್‌ಗಳಲ್ಲಿ ಒಂದು ಹೊರಗೆ ತಿರುಗಿದರೆ ಮುಂದೆ ಎರಡೇ ಇರಲಿ. ಒಂದು ಒಳಗೆ ಸೇರಿದರೆ ಮತ್ತೆ ಮೂರಾಗಲಿ. ಆಗ ಯಾರೂ ಯಾರಿಗೂ ಕಾಯಬೇಕಿಲ್ಲ. ಹೆದ್ದಾರಿಯ ಒಂದು ಲೇನ್ ಗಂಟೆಗೆ ಸುಮಾರು 2,000 ವಾಹನಗಳನ್ನು ಸಾಗಿಸಬಲ್ಲದು. ತಲಾ 1,500 ವಾಹನಗಳ ಎರಡು ಲೇನ್‌ಗಳನ್ನು ಒಂದಕ್ಕೆ ಇಳಿಸಿದರೆ ಗಂಟೆಗೆ 1,000 ವಾಹನ ಹಿಂದೆ ಉಳಿಯುತ್ತವೆ. ಹತ್ತೇ ನಿಮಿಷದಲ್ಲಿ ನೂರೈವತ್ತಕ್ಕೂ ಹೆಚ್ಚು ವಾಹನಗಳ ಸಾಲು!

ಬೆಂಗಳೂರಿಗೆ ರಜೆಗೆ ಹೋಗುವವರು ಇದನ್ನು ಹೆಬ್ಬಾಳದಲ್ಲಿ ಕಂಡಿದ್ದೀರಿ. 2003ರಲ್ಲಿ ತೆರೆದ ಆ ಮೇಲ್ಸೇತುವೆ, 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಹೊಸ ಭಾರ ಹೊತ್ತಿತು. ಹಲವು ಕಡೆಯ ವಾಹನಗಳು ನಗರದ ಕಡೆ ಕಡಿಮೆ ಲೇನ್‌ಗಳಿಗೆ ನುಗ್ಗತೊಡಗಿದವು. ಸೇತುವೆಯನ್ನು ಎಷ್ಟೇ ಅಗಲಿಸಿದರೂ ಇಳಿಯುವ ಬಾಯಿ ಕಿರಿದಾಗಿದ್ದರೆ ಫಲವಿಲ್ಲ.

ಆಟ ಎಲ್ಲಿ ನಿಲ್ಲುತ್ತದೆ

ಮೊದಲ ಆವೃತ್ತಿಯಲ್ಲಿ ಬಹಳ ಹೊತ್ತು ಸಿಕ್ಕಿಕೊಂಡ ವಾಹನ ತಾನಾಗಿ ಮಾಯವಾಗುತ್ತದೆ, ಅಪಘಾತವೂ ಇಲ್ಲ. ನಿಜವಾದ ರಸ್ತೆಯಲ್ಲಿ ಆ ವಾಹನದೊಳಗೆ ನಮ್ಮವರೇ ಇರುತ್ತಾರೆ. ಆಟದ ಕಿರಿದಾದ ಲೂಪ್ ನಿಜದಲ್ಲಿ ಲಾರಿಯನ್ನು ಮಗುಚಬಹುದು. ಕೊನೆಯ ಕ್ಷಣದಲ್ಲಿ ಮೂರು ಲೇನ್ ದಾಟಿ ಇಳಿಯುವ ಚಾಲಕ, ಕ್ಲೋವರ್‌ಲೀಫ್‌ನ ದೋಷವನ್ನು ಒಳ್ಳೆಯ ರಸ್ತೆಯಲ್ಲೂ ತಾನೇ ಸೃಷ್ಟಿಸುತ್ತಾನೆ.

ಆದ್ದರಿಂದ ಮುಂದಿನ ಸಲ ಮಕ್ಕಳು ಜಾಮ್ ಎಂದು ಕರೆದರೆ, ಪಕ್ಕದಲ್ಲಿ ಕುಳಿತು ಸಾಲಿನ ತಲೆ ಎಲ್ಲಿದೆ ಎಂದು ಹುಡುಕಿ. ಸಾಲಿನ ಬಾಲದಲ್ಲಿ ರಸ್ತೆ ಅಗಲಿಸಿ ಪ್ರಯೋಜನವಿಲ್ಲ. ಅದೇ ಮಕ್ಕಳು ಬರ್ಕಾ ಸೇತುವೆಯ ಬಳಿ ಹಿಂದಿನ ಸೀಟಿನಿಂದ “ಅಪ್ಪಾ, ಈಗಲೇ ಬಲ ಲೇನ್‌ಗೆ ಬನ್ನಿ” ಎಂದರೆ, ದಯವಿಟ್ಟು ಕೇಳಿ.