ಓಟ್ಸ್ ತಿನ್ನಿ, ಸರಿ. ಆದರೆ ಯಾವ ಓಟ್ಸ್?

ಮಧುಮೇಹವೋ ಕೊಲೆಸ್ಟರಾಲೋ ಪತ್ತೆಯಾದ ಮನೆಗೆ ಬಂಧುಮಿತ್ರರಿಂದ ಮೊದಲು ಬರುವ ಸಲಹೆ 'ಓಟ್ಸ್ ತಿನ್ನಿ' ಎಂಬುದು. ಯಾವ ಓಟ್ಸ್ ಎಂದು ಹೇಳಿದವರೂ ಹೇಳುವುದಿಲ್ಲ, ಕೇಳಿದವರೂ ವಿಚಾರಿಸುವುದಿಲ್ಲ. ಅಂಗಡಿಯ ಕಪಾಟಿನ ಮುಂದೆ ನಿಂತಾಗಲೇ ಪ್ರಶ್ನೆ ಏಳುವುದು. ಸ್ಟೀಲ್ ಕಟ್, ರೋಲ್ಡ್, ಕ್ವಿಕ್, ಇನ್‌ಸ್ಟಂಟ್. ಪಕ್ಕದಲ್ಲೇ ಮಸಾಲೆ ಬೆರೆಸಿದ ಪುಟ್ಟ ಪೊಟ್ಟಣಗಳು. ಮನೆಯಲ್ಲಿ ಇಬ್ಬರು ಮಧುಮೇಹಿಗಳಿರುವುದರಿಂದ ಆ ಕಪಾಟಿನ ಮುಂದೆ ನಾನು ಸಾಕಷ್ಟು ಹೊತ್ತು ಕಳೆದಿದ್ದೇನೆ. ಇವು ಬೇರೆ ಬೇರೆ ಧಾನ್ಯಗಳಲ್ಲ. ಒಂದೇ ಧಾನ್ಯದ ಮೇಲೆ ಗಿರಣಿ ಎಷ್ಟು ಕೆಲಸ ಮಾಡಿದೆ ಎಂಬುದರಲ್ಲಷ್ಟೇ ವ್ಯತ್ಯಾಸ. ಆದರೆ ಮಧುಮೇಹಿಯ ಪಾಲಿಗೆ ಆ ವ್ಯತ್ಯಾಸ ಸಣ್ಣದಲ್ಲ.

ಅವಲಕ್ಕಿಯನ್ನು ಬಲ್ಲ ನಮಗೆ ಇದು ಅರ್ಥವಾಗುವುದು ಕಷ್ಟವಲ್ಲ. ಓಟ್ಸ್ ಕಾಳಿನಲ್ಲಿ ಗೋಧಿಗಿಂತ ಕೊಬ್ಬು ಹೆಚ್ಚು; ಹಾಗೆಯೇ ಬಿಟ್ಟರೆ ಬೇಗ ಕಮಟು ವಾಸನೆ ಹಿಡಿಯುತ್ತದೆ. ಆದ್ದರಿಂದ ಹೊಟ್ಟು ತೆಗೆದ ಕಾಳನ್ನು ಗಿರಣಿಯಲ್ಲೇ ಹಬೆಯಲ್ಲಿ ಕಾಯಿಸಿ ಒಣಗಿಸುತ್ತಾರೆ. ಈ ಕಾಳನ್ನು ಉಕ್ಕಿನ ಅಲಗುಗಳಿಂದ ಎರಡು ಮೂರು ತುಂಡು ಮಾಡಿದರೆ ಅದು ಸ್ಟೀಲ್ ಕಟ್. ನೋಡಲು ನಮ್ಮ ಗೋಧಿ ನುಚ್ಚಿನಂತೆ. ಬೇಯಲು ಅರ್ಧ ಗಂಟೆ ಬೇಕು. ಇಡೀ ಕಾಳನ್ನೇ ಮತ್ತೆ ಹಬೆಗೊಡ್ಡಿ ಉರುಳೆಗಳ ನಡುವೆ ಚಪ್ಪಟೆ ಮಾಡಿದರೆ ರೋಲ್ಡ್ ಓಟ್ಸ್. ಇದು ಗಟ್ಟಿ ಅವಲಕ್ಕಿಯ ಸಮಾನ. ಮೊದಲು ತುಂಡರಿಸಿ, ಅನಂತರ ಇನ್ನೂ ತೆಳುವಾಗಿ ಒತ್ತಿದ್ದು ಕ್ವಿಕ್. ಮೊದಲೇ ಬೇಯಿಸಿ ಒಣಗಿಸಿ, ಪೇಪರ್ ಅವಲಕ್ಕಿಯ ಮಟ್ಟಕ್ಕೆ ತೆಳುಗೊಳಿಸಿದ್ದು ಇನ್‌ಸ್ಟಂಟ್. ಬಿಸಿನೀರು ಸುರಿದರೆ ಸಾಕು. ಕೆಲವು ಪೊಟ್ಟಣಗಳ ಮೇಲಿರುವ 'ವೈಟ್ ಓಟ್ಸ್' ಎಂಬ ಮಾತು ಕಾಳನ್ನು ಹೇಗೆ ಸಂಸ್ಕರಿಸಿದ್ದಾರೆಂಬುದನ್ನು ತಿಳಿಸುವುದೇ ಇಲ್ಲ.

ಓಟ್ಸ್‌ಗೆ ಬಂದ ಖ್ಯಾತಿಯ ಮೂಲ ಬೀಟಾ ಗ್ಲೂಕನ್ ಎಂಬ ನಾರಿನಂಶ. ಗಂಜಿಗೆ ಲೋಳೆಯ ಗುಣ ಬರುವುದು ಇದರಿಂದಲೇ. ದಿನಕ್ಕೆ 3 ಗ್ರಾಂನಷ್ಟು ಈ ನಾರನ್ನು, ಜಿಡ್ಡು ಮಿತವಾಗಿರುವ ಆಹಾರದ ಜೊತೆಗೆ ಸೇವಿಸಿದರೆ ಹೃದ್ರೋಗದ ಅಪಾಯ ತಗ್ಗಬಹುದು ಎಂದು ಪೊಟ್ಟಣದ ಮೇಲೆ ಮುದ್ರಿಸಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಅನುಮತಿ ನೀಡಿತು. ಆ ಅನುಮತಿ ರೋಲ್ಡ್ ಓಟ್ಸ್‌ಗೆ ಮಾತ್ರವಲ್ಲ, ಓಟ್ಸ್ ತೌಡಿಗೂ ಇಡೀ ಕಾಳಿನ ಹಿಟ್ಟಿಗೂ ಅನ್ವಯಿಸಿತ್ತು. ಅಂದರೆ ಕೊಲೆಸ್ಟರಾಲ್ ತಗ್ಗಬೇಕಾದವರು ಚಪ್ಪಟೆಯೋ ತುಂಡೋ ಎಂದು ಅಷ್ಟಾಗಿ ತಲೆಕೆಡಿಸಿಕೊಳ್ಳಬೇಕಿಲ್ಲ. ಅವರು ನೋಡಬೇಕಾದದ್ದು ಪ್ರಮಾಣವನ್ನು. 3 ಗ್ರಾಂ ನಾರಿಗೆ ಸುಮಾರು 75 ಗ್ರಾಂ ಒಣ ಓಟ್ಸ್ ಬೇಕು. ಮಸಾಲೆ ಓಟ್ಸ್‌ನ ಒಂದು ಪುಟ್ಟ ಪೊಟ್ಟಣದಲ್ಲಿ ಒಟ್ಟು ತೂಕವೇ 40 ಗ್ರಾಂ ಆಸುಪಾಸು.

ಮಧುಮೇಹಿಯ ಲೆಕ್ಕ ಬೇರೆ. ಕಾಳು ಇಡಿಯಾಗಿದ್ದಷ್ಟೂ ಪಿಷ್ಟ ನಿಧಾನವಾಗಿ ಜೀರ್ಣವಾಗುತ್ತದೆ. ತೆಳುವಾಗಿ ಬೆಂದದ್ದಾದರೆ ಸಕ್ಕರೆ ರಕ್ತಕ್ಕೆ ಬೇಗ ನುಗ್ಗುತ್ತದೆ. ಗ್ಲೂಕೋಸನ್ನು 100 ಎಂದಿಟ್ಟು ಅಳೆಯುವ ಗ್ಲೈಸೀಮಿಕ್ ಸೂಚಿಯಲ್ಲಿ ಸ್ಟೀಲ್ ಕಟ್ ಮತ್ತು ದಪ್ಪ ರೋಲ್ಡ್ ಓಟ್ಸ್ ಎರಡೂ 55ರ ಸುತ್ತಮುತ್ತ ಇವೆ. ಕ್ವಿಕ್ ಮತ್ತು ಇನ್‌ಸ್ಟಂಟ್ 70ನ್ನು ದಾಟುತ್ತವೆ. ಗಮನಿಸಿ: ದುಬಾರಿ ಬೆಲೆಯ ಸ್ಟೀಲ್ ಕಟ್‌ಗೂ ಸಾಧಾರಣ ದಪ್ಪ ರೋಲ್ಡ್‌ಗೂ ಇಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಹೆಚ್ಚಿನ ಹಣ ತೆರುವುದು ನಾಲಿಗೆಯ ಸಂತೋಷಕ್ಕಾದರೆ ಸರಿ, ಔಷಧವೆಂದಾದರೆ ಅನಗತ್ಯ.

ಈ ಧಾನ್ಯವನ್ನು ಬಹುಕಾಲದಿಂದ ಉಂಡುಬಂದ ಸ್ಕಾಟ್ಲೆಂಡಿನವರಿಗೆ ಅವಸರವಿಲ್ಲ. ಅಲ್ಲಿನ ಕಾರ್‌ಬ್ರಿಜ್ ಎಂಬ ಹಳ್ಳಿಯಲ್ಲಿ 1994ರಿಂದ ಗಂಜಿ ತಯಾರಿಕೆಯ ವಿಶ್ವ ಸ್ಪರ್ಧೆ ನಡೆಯುತ್ತದೆ. ಸಾಂಪ್ರದಾಯಿಕ ವಿಭಾಗದಲ್ಲಿ ತುಂಡರಿಸಿದ ಅಥವಾ ಬೀಸಿದ ಓಟ್ಸ್, ನೀರು, ಉಪ್ಪು ಇಷ್ಟಕ್ಕೇ ಅವಕಾಶ. ಚಪ್ಪಟೆ ಓಟ್ಸ್‌ಗೆ ಪ್ರವೇಶವಿಲ್ಲ. ಗಂಜಿ ತಿರುವಲು ಬಳಸುವ ಮರದ ಕೋಲು ನಮ್ಮ ಮುದ್ದೆಕೋಲಿನ ತಮ್ಮನಂತಿದೆ. ಅವಸರ ಸೇರಿದ್ದು ಅಮೆರಿಕದಲ್ಲಿ. ಕ್ವೇಕರ್ ಹೆಸರು 1877ರಲ್ಲಿ ಅಲ್ಲಿ ವ್ಯಾಪಾರಮುದ್ರೆಯಾಗಿ ನೋಂದಣಿಯಾಯಿತು. 1920ರ ದಶಕದಲ್ಲಿ ಕ್ವಿಕ್, 1960ರ ದಶಕದಲ್ಲಿ ಇನ್‌ಸ್ಟಂಟ್ ಬಂದವು. ಪ್ರತಿ ಹೆಜ್ಜೆಯಲ್ಲೂ ಉಳಿದದ್ದು ಒಲೆಯ ಮುಂದಿನ ಸಮಯ.

ರಾಗಿ ಇರುವಾಗ ಓಟ್ಸ್ ಏತಕ್ಕೆ ಎಂದು ಕೇಳುವವರಿದ್ದಾರೆ. ಸುಣ್ಣದಂಶದಲ್ಲಿ ರಾಗಿಯನ್ನು ಮೀರಿಸುವ ಧಾನ್ಯ ಸಿಗುವುದು ಕಷ್ಟ. ಆದರೆ ನುಣ್ಣಗೆ ಬೀಸಿದ ರಾಗಿಯ ತೆಳು ಗಂಜಿಯೂ ಸಕ್ಕರೆಯನ್ನು ಬೇಗ ಏರಿಸಬಲ್ಲದು. ಕಾಳನ್ನು ಎಷ್ಟು ಒಡೆದಿದ್ದೇವೆ ಎಂಬ ಪ್ರಶ್ನೆ ಅಲ್ಲಿಯೂ ತಪ್ಪದು.

ಹಾಗಾಗಿ ಪೊಟ್ಟಣದ ಮುಂಬದಿಯ ಹೃದಯದ ಚಿತ್ರವನ್ನು ಬಿಟ್ಟು ಹಿಂಬದಿ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಓಟ್ಸ್ ಒಂದೇ ಇರಬೇಕು. ಸಕ್ಕರೆ, ಮಾಲ್ಟೋಡೆಕ್ಸ್‌ಟ್ರಿನ್ ಕಂಡರೆ ಕೆಳಗಿಡಿ. ಮಸಾಲೆಯದ್ದಾದರೆ ಸೋಡಿಯಂ ಎಷ್ಟೆಂದು ನೋಡಿ. ರಕ್ತದೊತ್ತಡವೂ ಇರುವವರಿಗೆ ಇದು ಮುಖ್ಯ. 'ಮೂರು ನಿಮಿಷದಲ್ಲಿ ಸಿದ್ಧ' ಎಂದಿದ್ದರೆ ಅದು ದಪ್ಪ ರೋಲ್ಡ್ ಅಲ್ಲ. ನಮ್ಮ ಮನೆಯಲ್ಲಿ ದಪ್ಪನೆಯದನ್ನೇ ತಂದು, ಬೀನ್ಸು, ಕ್ಯಾರೆಟ್ಟು, ನೆನೆಸಿದ ಹೆಸರುಬೇಳೆ ಸೇರಿಸಿ ಉಪ್ಪಿಟ್ಟಿನಂತೆ ಮಾಡುತ್ತಾರೆ. ಸಾಸಿವೆ, ಕರಿಬೇವಿನ ಒಗ್ಗರಣೆ ಸೇರಿ ಹದಿನೈದು ನಿಮಿಷದ ಕೆಲಸ.